ಸೂಜಿ ಚುಚ್ಚಿದ ಮೇಲಿನ ದಿನಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನನಗೆ 25 ವರ್ಷ. ಜಿಲ್ಲಾ ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮಾರ್ಚ್ 3ರ ರಾತ್ರಿ ಪಾಳಿಯಲ್ಲಿ ಒಬ್ಬ ರೋಗಿಯ ರಕ್ತ ತೆಗೆದು, ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ ಅದು ನನ್ನ ಎಡಗೈ ತೋರುಬೆರಳಿಗೆ ಚುಚ್ಚಿಕೊಂಡಿತು. ಗ್ಲೌಸ್ ಹಾಕಿದ್ದರೂ ರಕ್ತ ಬಂತು. ಸೋಪು ನೀರಿನಲ್ಲಿ ತೊಳೆದುಕೊಂಡೆ, ಗಾಬರಿಯಲ್ಲಿ ಬೆರಳನ್ನು ತುಂಬ ಹೊತ್ತು ಹಿಂಡಿದೆ. ಡ್ಯೂಟಿ ಡಾಕ್ಟರು ಕೇಳಿದಾಗ ಆ ರೋಗಿ ತಮಗೆ ಎಚ್‌ಐವಿ ಇರುವುದನ್ನೂ ಎಂಟು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ತಾವಾಗಿಯೇ ಹೇಳಿದರು. ಮರುದಿನ ಮಧ್ಯಾಹ್ನ ಜಿಲ್ಲಾಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ನನ್ನ ರಕ್ತ ಪರೀಕ್ಷೆ ಮಾಡಿ, ಸೋಂಕು ತಡೆಯುವ 28 ದಿನಗಳ ಮಾತ್ರೆ ಕೊಟ್ಟರು. ಒಂದು ದಿನವೂ ತಪ್ಪಿಸದೆ ಮಾರ್ಚ್ 31ಕ್ಕೆ ಮುಗಿಸಿದೆ. ಏಪ್ರಿಲ್ 14ರ ಪರೀಕ್ಷೆ ನೆಗೆಟಿವ್. ಆದರೂ ಸಮಾಧಾನವಿಲ್ಲದೆ ಬೇರೆ ಬೇರೆ ಲ್ಯಾಬುಗಳಲ್ಲಿ ಇನ್ನೂ ಐದು ಸಲ ಪರೀಕ್ಷೆ ಮಾಡಿಸಿದ್ದೇನೆ. ಎಲ್ಲವೂ ನೆಗೆಟಿವ್. ಎರಡನೆಯ ವಾರ ವಾಕರಿಕೆ, ತಲೆನೋವು ಬಂದಿತ್ತು. ಅಂದಿನಿಂದ ನಿದ್ದೆ ಸರಿಯಾಗಿಲ್ಲ. ಜೂನ್ ಎರಡನೆಯ ವಾರ ನನ್ನ ಮದುವೆ. ಹುಡುಗನಿಗೆ ಹೇಳಬೇಕೇ? ಆಸ್ಪತ್ರೆಯ ಆಡಳಿತದವರು ಇದನ್ನು ಎಲ್ಲಿಯೂ ಬರೆಯಬೇಡ, ಯಾರಿಗೂ ಹೇಳಬೇಡ ಎಂದಿದ್ದಾರೆ. ನನ್ನ ನೆಗೆಟಿವ್ ವರದಿಯನ್ನು ನಾನು ನಂಬಬಹುದೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಂಬಬಹುದು. ಆದರೆ ಅದು ಇನ್ನೂ ಕೊನೆಯ ವರದಿಯಲ್ಲ. ಈ ಎರಡು ಮಾತುಗಳ ನಡುವಿನ ಅಂತರವೇ ನಿಮ್ಮ ನಿದ್ದೆ ಕೆಡಿಸಿರುವುದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ಎಚ್‌ಐವಿ ದೇಹವನ್ನು ಸೇರಿದ ಮೇಲೆ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವವರೆಗಿನ ಕಾಲವನ್ನು ಗವಾಕ್ಷಿ ಅವಧಿ ಎನ್ನುತ್ತೇವೆ. ನಿಮ್ಮ ಪಠ್ಯಪುಸ್ತಕದಲ್ಲಿ ವಿಂಡೋ ಪೀರಿಯಡ್ ಎಂದು ಓದಿರುತ್ತೀರಿ. ವೈರಾಣುವಿನ ಪಿ24 ಎಂಬ ಪ್ರೋಟೀನನ್ನೂ ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ನಾಲ್ಕನೆಯ ತಲೆಮಾರಿನ ಪರೀಕ್ಷೆ, ರಕ್ತನಾಳದಿಂದ ತೆಗೆದ ರಕ್ತದಲ್ಲಿ, ಸೋಂಕು ತಗುಲಿದ 18ರಿಂದ 45 ದಿನಗಳೊಳಗೆ ಅದನ್ನು ತೋರಿಸುತ್ತದೆ. ಪ್ರತಿಕಾಯವನ್ನು ಮಾತ್ರ ಹುಡುಕುವ ಪರೀಕ್ಷೆಗಳಿಗೆ 23ರಿಂದ 90 ದಿನ ಬೇಕಾಗುತ್ತದೆ. ನೀವು ಮಾತ್ರೆ ತೆಗೆದುಕೊಳ್ಳದೆ ಇದ್ದಿದ್ದರೆ ಏಪ್ರಿಲ್ 14ರ ವರದಿಗೆ ಈಗಿರುವುದಕ್ಕಿಂತ ಹೆಚ್ಚು ತೂಕವಿರುತ್ತಿತ್ತು. ಮಾತ್ರೆ ನಡೆಯುತ್ತಿರುವಾಗ ವೈರಾಣು ಒಂದು ವೇಳೆ ಒಳಗಿದ್ದರೂ ಅದುಮಿಟ್ಟಂತಿರುವುದರಿಂದ ದೇಹ ಪ್ರತಿಕಾಯ ತಯಾರಿಸುವುದು ತಡವಾಗಬಹುದು. ಆದ್ದರಿಂದಲೇ ಬ್ರಿಟನ್ನಿನ ತಜ್ಞರು ಸೂಜಿ ಚುಚ್ಚಿದ ದಿನವನ್ನು ಬಿಟ್ಟು, ಮಾತ್ರೆ ಮುಗಿದ ದಿನದಿಂದ 45 ದಿನ ಎಣಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಮೇ 15. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಮೊದಲ ದಿನ, ಆರನೆಯ ವಾರ, ಮೂರನೆಯ ತಿಂಗಳು ಮತ್ತು ಆರನೆಯ ತಿಂಗಳು ಪರೀಕ್ಷೆ ಮಾಡಿಸಬೇಕೆಂದು ಹೇಳುತ್ತದೆ. ಮೊದಲಿನ ಎರಡು ಮುಗಿದಿವೆ. ಜೂನ್ 3ರ ಪರೀಕ್ಷೆ ನಿಮಗೆ ನಿಜವಾಗಿ ಮುಖ್ಯವಾದದ್ದು. ಅದು ನೆಗೆಟಿವ್ ಬಂದರೆ ನಾನು ನಿಮ್ಮ ಜಾಗದಲ್ಲಿದ್ದರೆ ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಸೆಪ್ಟೆಂಬರ್ 3ರ ಪರೀಕ್ಷೆಯನ್ನೂ ಬಿಡಬೇಡಿ. ಅದು ಎಚ್‌ಐವಿಯ ಜೊತೆಗೆ ಹೆಪಟೈಟಿಸ್, ಅಂದರೆ ಯಕೃತ್ತಿನ ಸೋಂಕಿನ, ತಪಾಸಣೆಯನ್ನೂ ಪೂರ್ಣಗೊಳಿಸುತ್ತದೆ.

ಈ ನಡುವೆ ಲ್ಯಾಬಿನಿಂದ ಲ್ಯಾಬಿಗೆ ಅಲೆದು ಮಾಡಿಸಿದ ಐದು ಪರೀಕ್ಷೆಗಳ ವಿಷಯ. ಹತ್ತನೆಯ ದಿನ ಮಾಡಿಸಿದ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೆ ಅದು ಹಿಂದಿನ ವಾರಗಳ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಆ ಸೂಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಗದಿತ ದಿನಕ್ಕೆ ಮುಂಚೆ ಎಷ್ಟು ಸಲ ಮಾಡಿಸಿದರೂ ಖಚಿತತೆ ಒಂದಿಷ್ಟೂ ಹೆಚ್ಚುವುದಿಲ್ಲ. ವರದಿ ಕೈಗೆ ಬಂದ ಸಂಜೆ ಮಾತ್ರ ಹಗುರವೆನಿಸಿ, ಮರುದಿನ ಬೆಳಗ್ಗೆ ಅದೇ ಅನುಮಾನ ಮತ್ತೆ ಎದ್ದು ನಿಲ್ಲುತ್ತದೆ. ಇನ್ನು ಮುಂದೆ ಲ್ಯಾಬುಗಳಿಗೆ ಹಣ ಸುರಿಯದೆ ಜಿಲ್ಲಾಸ್ಪತ್ರೆಯ ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ. ಅಲ್ಲಿ ಪರೀಕ್ಷೆ ಉಚಿತ, ವಿವರ ಗೋಪ್ಯ, ಪರೀಕ್ಷೆಗೆ ಮೊದಲೂ ಆಮೇಲೂ ಮಾತಾಡಲು ಆಪ್ತಸಮಾಲೋಚಕರಿರುತ್ತಾರೆ.

ಇನ್ನು ಅಪಾಯದ ಪ್ರಮಾಣ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳದಿದ್ದಾಗ ಸೋಂಕು ತಗುಲುವುದು ಸರಾಸರಿ ಸಾವಿರಕ್ಕೆ ಮೂರು ಪ್ರಸಂಗಗಳಲ್ಲಿ. ಉಳಿದ 997 ಪ್ರಸಂಗಗಳಲ್ಲಿ ಏನೂ ಆಗುವುದಿಲ್ಲ. ಅಮೆರಿಕ, ಫ್ರಾನ್ಸ್, ಇಟಲಿ ಮತ್ತು ಬ್ರಿಟನ್ನಿನ ಆರೋಗ್ಯ ಕಾರ್ಯಕರ್ತರ ಮಾಹಿತಿಯನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಯಾವ ಗಾಯ ಹೆಚ್ಚು ಅಪಾಯಕಾರಿ ಎಂಬುದನ್ನು ಸ್ಪಷ್ಟಪಡಿಸಿತು: ಆಳವಾದ ಗಾಯ, ಕಣ್ಣಿಗೆ ಕಾಣುವಷ್ಟು ರಕ್ತ ಮೆತ್ತಿದ ಸೂಜಿ, ರಕ್ತನಾಳದೊಳಗೆ ಹೊಕ್ಕು ಬಂದ ಸೂಜಿ, ಮತ್ತು ಕಾಯಿಲೆಯ ಕೊನೆಯ ಹಂತದಲ್ಲಿರುವ ರೋಗಿ. ನಾನು ನಿಮ್ಮಿಂದ ಏನನ್ನಾದರೂ ಮುಚ್ಚಿಡುವುದು ಸರಿಯಲ್ಲ. ನಿಮಗೆ ಚುಚ್ಚಿದ್ದು ರಕ್ತನಾಳದಿಂದ ಆಗತಾನೆ ಹೊರಬಂದ ಟೊಳ್ಳು ಸೂಜಿಯಾದ್ದರಿಂದ ನಿಮ್ಮ ಗಾಯವನ್ನು ತೀರ ಹಗುರವಾದುದೆಂದು ನಾನು ಹೇಳಲಾರೆ. ಆದರೆ ಅದೇ ಅಧ್ಯಯನ, ಜಿಡೋವುಡಿನ್ ಎಂಬ ಒಂದೇ ಒಂದು ಔಷಧಿಯನ್ನು ತೆಗೆದುಕೊಂಡವರಲ್ಲಿ ಸೋಂಕಿನ ಸಾಧ್ಯತೆ ಶೇ. 81ರಷ್ಟು ಇಳಿದಿದ್ದನ್ನೂ ಕಂಡುಕೊಂಡಿತು. ನಿಮಗೆ ಕೊಟ್ಟದ್ದು ಅದಕ್ಕಿಂತ ಬಹಳ ಮುಂದುವರಿದ, ಮೂರು ಔಷಧಿಗಳ ಮಾತ್ರೆ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಅಮೆರಿಕದಲ್ಲಿ 1985ರಿಂದ 2013ರವರೆಗೆ ಕೆಲಸದ ವೇಳೆಯಲ್ಲಿ ಎಚ್‌ಐವಿ ತಗುಲಿದ್ದು ಖಚಿತವಾದ ಆರೋಗ್ಯ ಕಾರ್ಯಕರ್ತರು 58 ಮಂದಿ. ಅವರಲ್ಲಿ 1999ರ ನಂತರ ಸೋಂಕು ತಗುಲಿದವರು ಒಬ್ಬರೇ, 2008ರಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು.

ನಿಮ್ಮ ಪರವಾಗಿರುವ ಇನ್ನೊಂದು ಸಂಗತಿಯನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ರೋಗಿ ಎಂಟು ವರ್ಷಗಳಿಂದ ಎಆರ್‌ಟಿ ಮಾತ್ರೆಯಲ್ಲಿದ್ದಾರೆ. ಕ್ರಮವಾಗಿ ಮಾತ್ರೆ ನುಂಗುವವರ ರಕ್ತದಲ್ಲಿ ವೈರಾಣು, ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿರುತ್ತದೆ. ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ಸಾಬೀತಾಗಿದೆ. ಸೂಜಿಯ ವಿಷಯದಲ್ಲಿ ಸೊನ್ನೆ ಎನ್ನುವ ಹಾಗಿಲ್ಲ, ಹಾಗಾಗಿಯೇ ನಿಮಗೆ ಮಾತ್ರೆ ಕೊಟ್ಟರು, ಆದರೆ ಅಪಾಯ ಬಹಳ ತಗ್ಗುತ್ತದೆ. ಅವರ ಇತ್ತೀಚಿನ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಾಣುವಿನ ಪ್ರಮಾಣ, ಎಷ್ಟಿತ್ತೆಂಬುದನ್ನು ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರು ಗೋಪ್ಯತೆಗೆ ಭಂಗ ಬಾರದಂತೆ ಪರಿಗಣಿಸಬಲ್ಲರು. ಹಾಸಿಗೆಯಲ್ಲಿ ಮಲಗಿದ್ದ ಆ ಮನುಷ್ಯರು, ಹೇಳಿದರೆ ತಮ್ಮನ್ನು ಹೇಗೆ ನೋಡುತ್ತಾರೋ ಎಂಬ ಅಂಜಿಕೆಯನ್ನು ಬದಿಗಿಟ್ಟು, ಒಬ್ಬ ನರ್ಸಿನ ಸುರಕ್ಷತೆಗಾಗಿ ನಿಜ ಹೇಳಿದರು. ಅವರ ಹೆಸರನ್ನು ವಾರ್ಡಿನ ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳುವುದು ನಿಮ್ಮಿಂದ ಅವರಿಗೆ ಸಲ್ಲಬೇಕಾದದ್ದು. ಇಂಥ ಘಟನೆಯಾದ ಮೇಲೆ ಕೆಲವು ಕಡೆ ಸೋಂಕಿತರ ಮಂಚಕ್ಕೋ ಕಡತಕ್ಕೋ ಗುರುತು ಹಾಕುವ ಪದ್ಧತಿ ಶುರುವಾಗುತ್ತದೆ. ಅದು ತಪ್ಪು, ಪ್ರಯೋಜನವೂ ಇಲ್ಲ. ಗವಾಕ್ಷಿ ಅವಧಿಯಲ್ಲಿರುವ, ತನಗೇ ಗೊತ್ತಿಲ್ಲದ ರೋಗಿಗೆ ಯಾವ ಗುರುತು ಹಾಕುತ್ತೀರಿ? ಎಲ್ಲರ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ಮುಟ್ಟುವುದೊಂದೇ ದಾರಿ.

ವಾಕರಿಕೆ, ತಲೆನೋವು ಬಂದದ್ದು ಎರಡನೆಯ ವಾರ, ಅಂದರೆ ಮಾತ್ರೆ ನಡೆಯುತ್ತಿದ್ದಾಗ. ಎರಡೂ ಆ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮಗಳು. ಡೊಲುಟೆಗ್ರಾವಿರ್ ಕೆಲವರ ನಿದ್ದೆಯನ್ನೂ ಕೆಡಿಸುತ್ತದೆ, ಹಾಗಾಗಿ ಮಾರ್ಚ್ ತಿಂಗಳ ನಿದ್ರಾಹೀನತೆಗೆ ಅದರ ಪಾಲೂ ಇದ್ದಿರಬಹುದು. ಎಚ್‌ಐವಿ ಹೊಸದಾಗಿ ತಗುಲಿದವರಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಜ್ವರ, ಗಂಟಲುನೋವು, ಮೈಮೇಲೆ ದದ್ದು ಬರುವುದುಂಟು, ಆದರೆ ಸಾಧಾರಣ ವೈರಲ್ ಜ್ವರದಲ್ಲೂ ಇವೇ ಬರುತ್ತವೆ. ಲಕ್ಷಣ ನೋಡಿ ಎಚ್‌ಐವಿ ಇದೆ ಎಂದಾಗಲಿ ಇಲ್ಲ ಎಂದಾಗಲಿ ಯಾವ ವೈದ್ಯರೂ ಹೇಳಲಾರರು.

ಈಗ ಮಾತ್ರೆ ನಿಂತು ಎಷ್ಟೋ ದಿನಗಳಾದರೂ ನಿದ್ದೆ ಬರುತ್ತಿಲ್ಲ ಎಂದರೆ ಅದು ಔಷಧಿಯ ಕೆಲಸವಲ್ಲ, ಭಯದ ಕೆಲಸ. ಅದಕ್ಕೂ ಚಿಕಿತ್ಸೆ ಬೇಕು. ಸೂಜಿ ಚುಚ್ಚಿದ ಆರೋಗ್ಯ ಕಾರ್ಯಕರ್ತರಲ್ಲಿ ಈ ಬಗೆಯ ಆತಂಕ ತೀರ ಸಾಮಾನ್ಯ, ಆ ಕ್ಷಣವೇ ಕಣ್ಣಮುಂದೆ ಬರುವುದು, ಸಿರಿಂಜ್ ಹಿಡಿದರೆ ಕೈ ನಡುಗುವುದು, ಕೆಲಸವನ್ನೇ ಬಿಡೋಣವೆನಿಸುವುದು ಎಲ್ಲವನ್ನೂ ನಾನು ನನ್ನ ಕಿರಿಯರಲ್ಲಿ ಕಂಡಿದ್ದೇನೆ. ನಿಮ್ಮ ಐಸಿಟಿಸಿಯ ಆಪ್ತಸಮಾಲೋಚಕರೊಂದಿಗೆ ಮೊದಲು ಮಾತಾಡಿ. ಮುಖ ತೋರಿಸಲು ಸಂಕೋಚವಾದರೆ 1097 ಏಡ್ಸ್ ಸಹಾಯವಾಣಿ ಇದೆ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳತೊಡಗಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಿಮಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಲಸಿಕೆಯಾಗದವರಿಗೆ ಹೆಪಟೈಟಿಸ್ ಬಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ ನೂರಕ್ಕೆ 6ರಿಂದ 30. ಎಚ್‌ಐವಿಗೆ ಹೋಲಿಸಿದರೆ ಹತ್ತಾರು ಪಟ್ಟು. ಹೆಪಟೈಟಿಸ್ ಸಿ ನೂರಕ್ಕೆ ಎರಡಕ್ಕಿಂತ ಕಡಿಮೆ; ಅದಕ್ಕೆ ಲಸಿಕೆಯೂ ಮುನ್ನೆಚ್ಚರಿಕೆಯ ಮಾತ್ರೆಯೂ ಇಲ್ಲ, ಆದರೆ ಬಂದರೆ ಗುಣಪಡಿಸುವ ಮಾತ್ರೆಗಳು 2018ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತಿವೆ. ಆ ರಾತ್ರಿ ಎಲ್ಲರ ಗಮನ ಎಚ್‌ಐವಿಯ ಮೇಲೆಯೇ ನೆಟ್ಟು ಈ ಎರಡನ್ನು ಮರೆತಿರುವ ಸಂಭವವಿದೆ. ಎಆರ್‌ಟಿ ಕೇಂದ್ರದ ನಿಮ್ಮ ಚೀಟಿಯಲ್ಲಿ ಇವುಗಳ ವರದಿ ಇಲ್ಲದಿದ್ದರೆ ಇದೇ ವಾರ ಮಾಡಿಸಿಕೊಳ್ಳಿ. ಬೆರಳು ಹಿಂಡಿದ ಬಗ್ಗೆ ಕೊರಗಬೇಡಿ. ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಸ್ಪಿರಿಟ್ಟನ್ನೋ ಬ್ಲೀಚನ್ನೋ ಸುರಿಯಬಾರದು ಎಂಬುದು ಮುಂದಿನ ದಿನಗಳಿಗೆ ನೆನಪಿರಲಿ.

ಮದುವೆಯ ವಿಷಯಕ್ಕೆ ಬರುತ್ತೇನೆ. ಒಟ್ಟಿಗೆ ಊಟ ಮಾಡುವುದರಿಂದ, ಕೈ ಹಿಡಿಯುವುದರಿಂದ, ತಬ್ಬಿಕೊಳ್ಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಜೂನ್ 3ರ ವರದಿ ಮದುವೆಗೆ ಮುಂಚೆಯೇ ಕೈಸೇರುತ್ತದೆ; ಹಾಗಾಗಿ ಮದುವೆಯನ್ನು ಮುಂದೂಡುವ ಅಗತ್ಯ ನನಗೆ ಕಾಣುವುದಿಲ್ಲ. ಮೂರನೆಯ ತಿಂಗಳ ಪರೀಕ್ಷೆ ಮುಗಿಯುವವರೆಗೆ ಲೈಂಗಿಕ ಸಂಪರ್ಕವಿದ್ದರೆ ಕಾಂಡೋಮ್ ಕಡ್ಡಾಯ, ರಕ್ತದಾನ ಕೂಡದು. ಅದರ ಮುಂದಿನ ಮೂರು ತಿಂಗಳು ಹೇಗೆಂಬುದನ್ನು ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಿ ನಿರ್ಧರಿಸಿ. ಹುಡುಗನಿಗೆ ಹೇಳುವುದು ಬಿಡುವುದು ನಿಮ್ಮ ತೀರ್ಮಾನ, ಆದರೆ ನನ್ನ ಅಭಿಪ್ರಾಯ ಕೇಳಿದರೆ ಹೇಳಿ. ಕೆಲಸ ಮಾಡುವಾಗ ಆದ ಗಾಯ, ಸಮಯಕ್ಕೆ ತೆಗೆದುಕೊಂಡ ಚಿಕಿತ್ಸೆ, ನೆಗೆಟಿವ್ ವರದಿ, ಇನ್ನೆರಡು ತಾರೀಖು; ಇಷ್ಟೇ ಅಲ್ಲವೇ ಸಂಗತಿ? ಇದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಅವರಿಗೆ ಅನುಮಾನಗಳಿದ್ದರೆ ಆಪ್ತಸಮಾಲೋಚಕರ ಬಳಿ ಇಬ್ಬರೂ ಹೋಗಬಹುದು. ಎರಡೂ ಮನೆಯ ಹಿರಿಯರಿಗೆಲ್ಲ ವರದಿ ಒಪ್ಪಿಸುವ ಅಗತ್ಯವಿಲ್ಲ.

ಆಡಳಿತದವರು ಬರೆಯಬೇಡ ಎಂದದ್ದು ನನಗೆ ಅತ್ಯಂತ ಬೇಸರ ತಂದ ಭಾಗ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 19ನೆಯ ಕಲಮಿನ ಪ್ರಕಾರ, ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಸೂಜಿ ಚುಚ್ಚಿದ ಮೇಲಿನ ಚಿಕಿತ್ಸೆಯನ್ನು ಒದಗಿಸುವುದು ಆಸ್ಪತ್ರೆಯ ಕರ್ತವ್ಯ. ಖಾಸಗಿಯೆಂಬ ವಿನಾಯಿತಿ ಇಲ್ಲ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳು ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದನ್ನೂ ತ್ಯಾಜ್ಯ ನಿರ್ವಹಣೆಯಲ್ಲಾದ ಅಪಘಾತಗಳನ್ನು ದಾಖಲಿಸುವುದನ್ನೂ ಆಸ್ಪತ್ರೆಯ ಹೊಣೆಯಾಗಿಸಿವೆ. ದಾಖಲೆಯಿಂದ ರಕ್ಷಣೆ ಸಿಗುವುದು ಮುಖ್ಯವಾಗಿ ನಿಮಗೇ. ಮಾರ್ಚ್ 4ರ ನಿಮ್ಮ ಮೊದಲ ನೆಗೆಟಿವ್ ವರದಿ, ಅದಕ್ಕಿಂತ ಹಿಂದೆ ನಿಮಗೆ ಸೋಂಕಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಘಟನೆಯ ಲಿಖಿತ ವಿವರ ಜೊತೆಗಿಲ್ಲದಿದ್ದರೆ ಆ ಸಾಕ್ಷಿ ಅರ್ಧವೇ. ಈಗಲೂ ತಡವಾಗಿಲ್ಲ. ದಿನಾಂಕ, ಸಮಯ, ಹೇಗೆ ಚುಚ್ಚಿತು, ಯಾರಿಗೆ ತಿಳಿಸಿದಿರಿ ಎಂಬುದನ್ನು ಬರೆದು, ರೋಗಿಯ ಹೆಸರು ಹಾಕದೆ, ಆಡಳಿತಕ್ಕೆ ಕೊಟ್ಟು ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಫಲಿತಾಂಶ ಪಾಸಿಟಿವ್ ಬಂದರೂ ಆ ಒಂದೇ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬ ನರ್ಸಿನ ಮೇಲೆ ಬಿಟ್ಟು, ಸೂಜಿ ಕತ್ತರಿಸುವ ಯಂತ್ರವನ್ನೂ ಬಳಸಿದ ಸೂಜಿ ಹಾಕುವ ಬಿಳಿ ಶಾರ್ಪ್ಸ್ ಡಬ್ಬಿಯನ್ನೂ ವರಾಂಡದ ಆ ತುದಿಯಲ್ಲಿಟ್ಟರೆ ಯಾರಾದರೂ ಕ್ಯಾಪ್ ಹಾಕಿಯೇ ಹಾಕುತ್ತಾರೆ. ಎರಡೂ ಕೈಯಿಂದ ಕ್ಯಾಪ್ ಹಾಕಬಾರದೆಂದು ನೀವು ಓದಿದ್ದೀರಿ ನಿಜ. ಡಬ್ಬಿ ಮಂಚದ ಪಕ್ಕದಲ್ಲೇ ಇದ್ದಿದ್ದರೆ ಆ ನಿಯಮವನ್ನು ಪಾಲಿಸುವುದೂ ಸುಲಭವಾಗುತ್ತಿತ್ತು.

ಪ್ರಶ್ನೆ: ನಮ್ಮ ತಾಯಿ ಬೆಂಗಳೂರಿನಲ್ಲಿ ಪೌರಕಾರ್ಮಿಕರು. ಕಸ ವಿಂಗಡಿಸುವಾಗ ಪ್ಲಾಸ್ಟಿಕ್ ಚೀಲದೊಳಗಿದ್ದ ಇಂಜೆಕ್ಷನ್ ಸೂಜಿ ಅವರ ಅಂಗೈಗೆ ಚುಚ್ಚಿದೆ. ಅಮ್ಮ ಅರಿಸಿನ ಹಚ್ಚಿಕೊಂಡು ಸುಮ್ಮನಿದ್ದರು, ನನಗೆ ಹೇಳಿದ್ದು ಐದು ದಿನಗಳ ನಂತರ. ಈಗ ಏನು ಮಾಡಬೇಕು?
— ಮಗಳು, ಬೆಂಗಳೂರು

ಉತ್ತರ: ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಆ ಗಡುವು ದಾಟಿರುವುದರಿಂದ ಈಗ ಅದನ್ನು ಕೊಡುವುದಿಲ್ಲ. ಇದನ್ನು ಓದಿ ಎದೆಗುಂದಬೇಡಿ. ಎಚ್‌ಐವಿ ದೇಹದ ಹೊರಗೆ, ಒಣಗಿದ ರಕ್ತದಲ್ಲಿ ಬೇಗ ದುರ್ಬಲವಾಗುವ ವೈರಾಣು. ಕಸದಲ್ಲಿ ಬಿದ್ದಿದ್ದ ಸೂಜಿಯಿಂದ ಅದು ತಗುಲುವ ಸಾಧ್ಯತೆ, ಆಸ್ಪತ್ರೆಯಲ್ಲಿ ಆಗತಾನೆ ಬಳಸಿದ ಸೂಜಿಗಿಂತ ಬಹಳ ಕಡಿಮೆ. ಹೆಪಟೈಟಿಸ್ ಬಿ ವೈರಾಣು ಹಾಗಲ್ಲ, ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಬಲ್ಲುದು. ಆದ್ದರಿಂದ ತಾಯಿಯನ್ನು ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾಯು ಚುಚ್ಚುಮದ್ದು ಮತ್ತು ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿಸಿ. ಉಳಿದೆರಡು ಡೋಸುಗಳು ಒಂದನೆಯ ಮತ್ತು ಆರನೆಯ ತಿಂಗಳಲ್ಲಿ. ಹೆಪಟೈಟಿಸ್ ಬಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದೂ ಬೇಕೇ ಎಂದು ವೈದ್ಯರನ್ನು ಕೇಳಿ, ಏಳು ದಿನದೊಳಗಾದರೆ ಅದಕ್ಕೆ ಇನ್ನೂ ಅವಕಾಶವಿದೆ. ಐಸಿಟಿಸಿಯಲ್ಲಿ ಇಂದಿನ ಪರೀಕ್ಷೆ, ಆಮೇಲೆ ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು.

ಈ ಅಂಕಣ ಓದುವ, ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಒಂದು ಬೇಡಿಕೆ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ಬಿರಡೆ ಬಿಗಿಮಾಡಿ, ಮೇಲೆ ಸೂಜಿ ಎಂದು ಬರೆದು, ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೈಗೆ ಕೊಡಿ. ಮನೆಯ ಸೂಜಿ, ಸಿರಿಂಜುಗಳನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಕಸವೆಂದೇ ಕರೆದಿದ್ದವು. ನಿಮ್ಮ ಚೀಲಕ್ಕೆ ಕೈಹಾಕುವವರ ಗ್ಲೌಸ್ ಎಷ್ಟು ತೆಳುವೆಂಬುದನ್ನು ಒಮ್ಮೆ ನೋಡಿ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್. ಎಂಟು ವರ್ಷಗಳ ಹಿಂದೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆ. ಸೂಜಿ ಚುಚ್ಚಿದರೆ ಮತ್ತೆ ಹಾಕಿಸಬೇಕೇ?
— ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಲಸಿಕೆಯ ನಂತರ ನಿಮ್ಮ ಪ್ರತಿಕಾಯದ ಮಟ್ಟ ಒಮ್ಮೆಯಾದರೂ 10 (mIU/mL) ಅಥವಾ ಅದಕ್ಕಿಂತ ಹೆಚ್ಚು ಇದ್ದದ್ದು ದಾಖಲಾಗಿದ್ದರೆ ಹೆಪಟೈಟಿಸ್ ಬಿಗಾಗಿ ಮತ್ತೇನೂ ಬೇಡ. ಅಳೆಸಿಯೇ ಇಲ್ಲದಿದ್ದರೆ ಸೂಜಿ ಚುಚ್ಚುವವರೆಗೆ ಕಾಯದೆ ಈಗಲೇ ಆಂಟಿ ಎಚ್‌ಬಿಎಸ್ ಪರೀಕ್ಷೆ ಮಾಡಿಸಿ, 10ಕ್ಕಿಂತ ಕಡಿಮೆಯಿದ್ದರೆ ಒಂದು ಡೋಸ್ ಹಾಕಿಸಿಕೊಂಡು ತಿಂಗಳ ನಂತರ ಮತ್ತೆ ಅಳೆಸಿ, ಆ ವರದಿಯ ಒಂದು ಪ್ರತಿಯನ್ನು ಲ್ಯಾಬಿನ ಕಡತದಲ್ಲಿಯೂ ಇಡಿ.